ಬಾಗಿಲಿದ್ದ ಟೆಲಿವಿಷನ್ನಿನ ಕಾಲ

ಹೋದ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಸುವಾಗ, ಮೂಲೆಯಲ್ಲಿದ್ದ ಹಳೆಯ ಟೆಲಿವಿಷನ್ನನ್ನು ಏನು ಮಾಡುವುದೆಂಬ ಪ್ರಶ್ನೆ ಮತ್ತೊಮ್ಮೆ ಎದ್ದಿತು. ನಾಲ್ಕು ಕಾಲು, ಎರಡು ಪಕ್ಕಕ್ಕೂ ಸರಿಯುವ ಮರದ ಪಟ್ಟಿಗಳ ಬಾಗಿಲು, ಬಾಗಿಲಿಗೊಂದು ಬೀಗ, ಒಳಗೆ 20 ಅಂಗುಲದ ಕಪ್ಪು-ಬಿಳುಪು ತೆರೆ. ನಮ್ಮ ತಂದೆಯವರು 1983ರಲ್ಲಿ ಕೊಂಡದ್ದು. ಅದು ಕೆಟ್ಟು ಇಪ್ಪತ್ತು ವರ್ಷಗಳ ಮೇಲಾಗಿದ್ದರೂ ನಮ್ಮ ಸಂಸಾರದೊಡನೆ ದೆಹಲಿಯ ಮೂರು ಸರಕಾರಿ ಕ್ವಾರ್ಟರ್ಸುಗಳನ್ನು ಕಂಡಿದೆ. ಹಳೆಯ ಸಾಮಾನು ಕೊಳ್ಳುವವನನ್ನು ಕರೆಸಿದೆವು. ಮರಕ್ಕೆ ಇಷ್ಟು, ತಾಮ್ರಕ್ಕೆ ಇಷ್ಟು ಎಂದು ಲೆಕ್ಕ ಹಾಕಿದ ಅವನು, ಪಿಕ್ಚರ್ ಟ್ಯೂಬನ್ನು ಮಾತ್ರ ಬಿಟ್ಟಿ ಕೊಟ್ಟರೂ ಬೇಡವೆಂದ. ಒಂದು ಕಾಲದಲ್ಲಿ ಮನೆಯ ಅತಿ ಬೆಲೆಬಾಳುವ ವಸ್ತುವೆನಿಸಿದ್ದ ಅದು ಹೀಗೆ ಯಾರಿಗೂ ಬೇಡವಾದುದನ್ನು ಕಂಡಾಗ, ಅದರ ಚರಿತ್ರೆಯನ್ನು ನಮ್ಮ ಪತ್ರಿಕೆಯ ಓದುಗರೊಡನೆ ಹಂಚಿಕೊಳ್ಳೋಣವೆನ್ನಿಸಿತು. ನಮ್ಮಂತೆಯೇ ಊರು ಬಿಟ್ಟು ಬಂದ ಹಲವರ ಮನೆಗಳಲ್ಲಿ ಇಂಥದೊಂದು ಪೆಟ್ಟಿಗೆ ಇದ್ದೇ ಇದ್ದಿತು.

ಅಷ್ಟು ದಪ್ಪವೇಕೆ?

ಆ ಪೆಟ್ಟಿಗೆ ಅಷ್ಟು ಭಾರಿಯಾಗಿದ್ದುದಕ್ಕೆ ತಯಾರಿಸಿದವರ ಆಡಂಬರ ಕಾರಣವಲ್ಲ. ಅದರೊಳಗಿನ ವಿಜ್ಞಾನವೇ ಅಷ್ಟು ಜಾಗ ಕೇಳುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ಎಂಬ ವಿಜ್ಞಾನಿ, ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಎಳೆಯೊಂದನ್ನು ಹಾಯಿಸಿ, ಆಯಸ್ಕಾಂತ ಶಕ್ತಿಯಿಂದ ಅದನ್ನು ಬಾಗಿಸಿ, ಎದುರಿನ ತೆರೆಯ ಮೇಲೆ ಬೆಳಕಿನ ಚುಕ್ಕೆಯಾಗಿ ಮೂಡಿಸಿದರು. ನಮ್ಮ ಮನೆಗಳ ಟೆಲಿವಿಷನ್ ಆ ಕೊಳವೆಯ ವಂಶದ್ದು.

ಪೆಟ್ಟಿಗೆಯ ಹಿಂದೆ, ಗಾಜಿನ ಸಣ್ಣ ಕುತ್ತಿಗೆಯಲ್ಲಿ, ಎಲೆಕ್ಟ್ರಾನ್ ಗನ್ ಇರುತ್ತದೆ. ಅಲ್ಲಿಂದ ಹೊರಟ ಎಳೆ ಸಾವಿರಾರು ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ ಮುಂದೆ ನುಗ್ಗುತ್ತದೆ. ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗಳು ಅದನ್ನು ಎಡಕ್ಕೂ ಬಲಕ್ಕೂ, ಮೇಲಿನಿಂದ ಕೆಳಕ್ಕೂ ಬಾಗಿಸುತ್ತವೆ. ತೆರೆಯ ಒಳಮೈಗೆ ಬಳಿದ ರಾಸಾಯನಿಕದ ಮೇಲೆ ಅದು ಬಿದ್ದಲ್ಲೆಲ್ಲ ಬೆಳಕು ಮೂಡುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಎಳೆಯನ್ನು ಒಂದು ಮಿತಿಗಿಂತ ಹೆಚ್ಚು ಬಾಗಿಸಲಾಗದು. ಗೋಡೆಯ ಮೇಲೆ ಟಾರ್ಚಿನ ಬೆಳಕು ಅಗಲವಾಗಬೇಕಾದರೆ ನಾವು ಹಿಂದೆ ಸರಿಯುವಂತೆ, ತೆರೆ ದೊಡ್ಡದಾದಷ್ಟೂ ಗನ್ನು ಹಿಂದಕ್ಕೆ ಹೋಗಲೇಬೇಕು. ಟಿ.ವಿ.ಯ ಬೆನ್ನು ಹೊರಗೆ ಚಾಚಿದ್ದು ಹೀಗೆ.

ಭಾರದ ಕಾರಣ ಇನ್ನೂ ಸ್ವಾರಸ್ಯವಾದದ್ದು. ಕೊಳವೆಯೊಳಗೆ ಗಾಳಿಯಿಲ್ಲ, ಹೊರಗೆ ವಾತಾವರಣದ ಒತ್ತಡವಿದೆ. ಬಿ.ಎಸ್ಸಿ.ಯಲ್ಲಿ ಕಲಿತ ಲೆಕ್ಕವನ್ನು ಇಲ್ಲಿ ಹಾಕಿ ನೋಡಬಹುದು. 20 ಅಂಗುಲದ ತೆರೆಯೆಂದರೆ ಅಗಲ 16 ಅಂಗುಲ, ಎತ್ತರ 12 ಅಂಗುಲ. ಅದರ ಮೇಲೆ ಗಾಳಿ ಒತ್ತುವ ಭಾರ ಸುಮಾರು ಒಂದೂಕಾಲು ಟನ್! ಅದನ್ನು ತಾಳಿಕೊಳ್ಳಲು ಗಾಜು ದಪ್ಪವಾಗಿರಬೇಕು. ಜೊತೆಗೆ, ಒಳಗೆ ಹುಟ್ಟುವ ಅಲ್ಪ ಎಕ್ಸ್-ಕಿರಣಗಳನ್ನು ತಡೆಯಲು ಬಣ್ಣದ ಟಿ.ವಿ.ಗಳ ಗಾಜಿಗೆ ಸೀಸವನ್ನೂ ಬೆರೆಸುತ್ತಿದ್ದರು. ತೆರೆ ಬೆಳೆದಂತೆ ಭಾರವೂ ವಿಪರೀತ ಬೆಳೆಯಿತು. 1980ರ ದಶಕದ ಕೊನೆಗೆ ಜಪಾನಿನ ಸೋನಿ ಕಂಪನಿ ತಯಾರಿಸಿದ 43 ಅಂಗುಲದ ಟಿ.ವಿ. ಸುಮಾರು 200 ಕಿಲೋ ತೂಗುತ್ತಿತ್ತು. ಇಂದು ಅದೇ ಅಳತೆಯ ತೆರೆಯನ್ನು ಒಬ್ಬನೇ ಕಂಕುಳಲ್ಲಿ ಹಿಡಿದುಕೊಂಡು ಮಹಡಿ ಹತ್ತುತ್ತಾನೆ.

ರಾಯಚೂರಿಗೆ ಮೊದಲು, ಬೆಂಗಳೂರಿಗೆ ಆಮೇಲೆ

ಭಾರತದಲ್ಲಿ ಟೆಲಿವಿಷನ್ ಹುಟ್ಟಿದ್ದು ನಾವಿರುವ ಈ ದೆಹಲಿಯಲ್ಲೇ. 1959ರ ಸೆಪ್ಟೆಂಬರ್ 15ರಂದು ಆಕಾಶವಾಣಿ ಭವನದ ತಾತ್ಕಾಲಿಕ ಸ್ಟುಡಿಯೋದಿಂದ ಪ್ರಾಯೋಗಿಕ ಪ್ರಸಾರ ಮೊದಲಾಯಿತು. ಉದ್ಘಾಟಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು. ಆಗ ವಾರಕ್ಕೆ ಎರಡೇ ದಿನ ಕಾರ್ಯಕ್ರಮ. ದಿನವೂ ಪ್ರಸಾರವಾಗತೊಡಗಿದ್ದು 1965ರಲ್ಲಿ. 1967ರ ಜನವರಿ 26ರಂದು ರೈತರಿಗಾಗಿ ‘ಕೃಷಿ ದರ್ಶನ’ ಬಂದಿತು. ಮುಂಬಯಿಯ ನಮ್ಮ ಬಂಧುಗಳು 1972ರ ತನಕ ಕಾಯಬೇಕಾಯಿತು. ಮದರಾಸಿನವರು 1975ರ ತನಕ.

ಕರ್ನಾಟಕದ ಕಥೆ ಮಾತ್ರ ವಿಚಿತ್ರವಾದದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ತಲುಪಿಸುವ ಪ್ರಯೋಗ ನಡೆಯಿತು. ‘ಸೈಟ್’ ಎಂದು ಅದರ ಹೆಸರು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಹಳ್ಳಿಗೊಂದೇ ಟಿ.ವಿ., ಊರಿಗೆ ಊರೇ ಅದರ ಮುಂದೆ. ರಾಜಧಾನಿ ಬೆಂಗಳೂರು ಟೆಲಿವಿಷನ್ ಕಂಡದ್ದು 1981ರಲ್ಲಿ. ಅಂದರೆ ರಾಯಚೂರಿನ ಕಡೆಯ ರೈತ, ಬೆಂಗಳೂರಿನ ಬಸವನಗುಡಿಯವನಿಗಿಂತ ಆರು ವರ್ಷ ಮುಂಚೆಯೇ ಟೆಲಿವಿಷನ್ನಿನಲ್ಲಿ ಕನ್ನಡ ಕೇಳಿದ್ದ! ದೆಹಲಿಯ ಕನ್ನಡಿಗರಾದರೋ ದೇಶದಲ್ಲೇ ಮೊದಲು ಟಿ.ವಿ. ಕಂಡವರು, ಆದರೆ ಕನ್ನಡವಿಲ್ಲದ ಟಿ.ವಿ. ಕಂಡವರು. ಆದರೂ ನಮಗೊಂದು ಸಮಾಧಾನವಿತ್ತು. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಟಿ.ವಿ.ಯ ಮಾತು ಹಿಂದಿಯಾದರೂ ಕಣ್ಣು ನಮ್ಮ ಬೆಂಗಳೂರಿನದೆಂದು ತಂದೆಯವರು ತಮಾಷೆ ಮಾಡುತ್ತಿದ್ದರು.

1982ರಲ್ಲಿ ಎಲ್ಲವೂ ಬದಲಾಯಿತು. ಆ ಆಗಸ್ಟ್ 15ರ ಕೆಂಪುಕೋಟೆಯ ಸಮಾರಂಭ ಬಣ್ಣದಲ್ಲಿ ಬಂದಿತು. ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ನವೆಂಬರಿನಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ಬಣ್ಣದ ಟಿ.ವಿ.ಗಳ ಆಮದಿಗೆ ಸರಕಾರ ರಿಯಾಯಿತಿ ತೋರಿತು. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಟ್ರಾನ್ಸ್‌ಮಿಟರ್ ಏಳುತ್ತಿತ್ತು. ವೆಸ್ಟನ್, ಟೆಲಿವಿಸ್ಟಾ, ಇ.ಸಿ., ಕ್ರೌನ್, ಡಯನೋರಾ, ಕೆಲ್ಟ್ರಾನ್, ಅಪ್ಟ್ರಾನ್, ಬಿ.ಪಿ.ಎಲ್., ಒನಿಡಾ — ಈ ಹೆಸರುಗಳನ್ನು ಕೇಳಿದರೆ ಇಂದಿಗೂ ನಮ್ಮ ವಯಸ್ಸಿನವರ ಮುಖ ಅರಳುತ್ತದೆ.

ಮನೆಗೆ ಬಂದ ಪೆಟ್ಟಿಗೆ

ನಮ್ಮ ಮನೆಗೆ ಟಿ.ವಿ. ಬಂದದ್ದು 1983ರ ಬೇಸಗೆಯಲ್ಲಿ. ನಮಗೆ ಆಗ ನಾಲ್ಕು ವರ್ಷ. ಬೆಲೆ ತಂದೆಯವರ ಮೂರು ತಿಂಗಳ ಸಂಬಳಕ್ಕೂ ಹೆಚ್ಚು. ಕಚೇರಿಯ ಸಹಕಾರಿ ಸಂಘದಲ್ಲಿ ಸಾಲ ತೆಗೆದು, ಅಮ್ಮನ ಹೊಲಿಗೆಯ ದುಡ್ಡು ಸೇರಿಸಿ ಕೊಂಡರು. ಆಗ ಅಂಚೆ ಕಚೇರಿಯಲ್ಲಿ ರೇಡಿಯೋಗಿದ್ದಂತೆ ಟಿ.ವಿ.ಗೂ ಲೈಸೆನ್ಸ್ ಮಾಡಿಸಬೇಕಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಅದು ರದ್ದಾಯಿತು. ಲೈಸೆನ್ಸಿನ ಆ ಸಣ್ಣ ಪುಸ್ತಕ ಇಂದಿಗೂ ತಂದೆಯವರ ಪೆಟ್ಟಿಗೆಯಲ್ಲಿ ಎಲ್.ಐ.ಸಿ. ರಸೀತಿಗಳ ಜೊತೆಗಿದೆ.

ಟಿ.ವಿ.ಯ ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಚನ್ನಪಟ್ಟಣದ ಜೋಡಿ ಬೊಂಬೆ. ಮಾಳಿಗೆಯ ಮೇಲೆ ಅಲ್ಯೂಮಿನಿಯಮ್ ಆಂಟೆನಾ. ದೆಹಲಿಯ ಧೂಳುಗಾಳಿಗೆ ಅದು ತಿರುಗಿಕೊಳ್ಳುತ್ತಿತ್ತು. ಮಂಗಗಳು ಜೋತಾಡಿದರೆ ಬಾಗುತ್ತಿತ್ತು. ಮೇಲೊಬ್ಬರು ತಿರುಗಿಸುವುದು, ಅಂಗಳದಲ್ಲೊಬ್ಬರು ಕೂಗುವುದು, ಒಳಗೊಬ್ಬರು “ಬಂತು, ಬಂತು... ಹೋಯ್ತು” ಎನ್ನುವುದು. ಚಿತ್ರವಿಲ್ಲದಾಗ ತೆರೆಯ ತುಂಬ ಸುರಿಯುತ್ತಿದ್ದ ಬಿಳಿಯ ಚುಕ್ಕೆಗಳಲ್ಲಿ ನೂರಕ್ಕೆ ಒಂದು ಪಾಲಿನಷ್ಟು, ವಿಶ್ವ ಹುಟ್ಟಿದ ಕಾಲದ ಕಿರಣಗಳ ಉಳಿಕೆಯೆಂದು ನಾವು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅಲ್ಲಿಯವರೆಗೆ ಅದು ಕೇವಲ ಮಂಗಗಳ ಉಪದ್ರವ!

ಜೂನ್ 25ರ ರಾತ್ರಿ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ಕಪ್ ಎತ್ತಿದಾಗ ನಮ್ಮ ಮುಂದಿನ ಕೋಣೆಯಲ್ಲಿ ಮೂವತ್ತು ಜನರಿದ್ದರೆಂದು ಅಮ್ಮ ಹೇಳುತ್ತಾರೆ. ತಂಡದಲ್ಲಿ ನಮ್ಮ ಕಿರ್ಮಾನಿ, ನಮ್ಮ ಬಿನ್ನಿ. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವರು ರೋಜರ್ ಬಿನ್ನಿ — ಹದಿನೆಂಟು. “ಈ ಬಿನ್ನಿ ಯಾವ ಕಡೆಯವರು?” ಎಂದು ಪಕ್ಕದ ಮನೆಯ ಸರದಾರ್‌ಜಿ ಕೇಳಿದಾಗ, “ನಮ್ಮ ಬೆಂಗಳೂರಿನವರು” ಎಂದು ತಂದೆಯವರು ಉತ್ತರಿಸಿದ ಸಂಭ್ರಮವನ್ನು ಅವರು ಇಂದಿಗೂ ಮರೆತಿಲ್ಲ.

ಭಾನುವಾರದ ಮಧ್ಯಾಹ್ನ

ಎಂಬತ್ತರ ದಶಕದ ಭಾನುವಾರದ ಬೆಳಗು ಎಲ್ಲರಿಗೂ ನೆನಪಿದೆ. 1987ರ ಜನವರಿಯಿಂದ ‘ರಾಮಾಯಣ’, 1988ರ ಅಕ್ಟೋಬರಿನಿಂದ ‘ಮಹಾಭಾರತ’. ಆದರೆ ಹೊರನಾಡ ಕನ್ನಡಿಗರಿಗೆ ದೊಡ್ಡದಾದದ್ದು ಭಾನುವಾರದ ಮಧ್ಯಾಹ್ನ. ದೇಶದ ಬೇರೆ ಬೇರೆ ಭಾಷೆಗಳ ಚಿತ್ರಗಳನ್ನು ದೂರದರ್ಶನವು ಸರದಿಯಂತೆ ಆಗ ತೋರಿಸುತ್ತಿತ್ತು. ಕಿವಿ ಕೇಳದವರ ವಾರ್ತೆ ಮುಗಿಯಿತೆಂದರೆ ಚಿತ್ರ ಮೊದಲಾಯಿತೆಂದೇ ಅರ್ಥ. ಅಸ್ಸಾಮಿ, ಬಂಗಾಳಿ, ಮಲಯಾಳಂ, ಮರಾಠಿ, ಒರಿಯಾ... ಕನ್ನಡದ ಪಾಳಿ ಬರಲು ವಾರಗಟ್ಟಲೆ ಕಾಯಬೇಕು. ಪತ್ರಿಕೆಯಲ್ಲಿ ಅದು ಪ್ರಕಟವಾದ ದಿನವೇ ಸುದ್ದಿ ಕನ್ನಡದ ಮನೆಮನೆಗೆ ಹಬ್ಬುತ್ತಿತ್ತು.

ಅಂಥ ಒಂದು ಭಾನುವಾರ ‘ತಬರನ ಕಥೆ’ ಬಂದಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. 1986ರ ಚಿತ್ರಗಳಲ್ಲಿ ಅತ್ಯುತ್ತಮವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೂ ಪ್ರಶಸ್ತಿ ಬಂದಿತ್ತು. ನಿವೃತ್ತನಾದ ಕೆಳದರ್ಜೆಯ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿಯ ಕಾಯಿಲೆ ಕಾಯುವುದಿಲ್ಲ, ಕಡತ ಮುಂದೆ ಹೋಗುವುದಿಲ್ಲ. ನಮ್ಮ ಕೋಣೆಯಲ್ಲಿ ಕುಳಿತವರಲ್ಲಿ ಬಹುಪಾಲು ಕೇಂದ್ರ ಸರಕಾರದ ಗುಮಾಸ್ತರು. ಅಮ್ಮ ಮಾಡಿಟ್ಟ ಅವಲಕ್ಕಿಗೆ ಯಾರೂ ಕೈ ಹಾಕಲಿಲ್ಲ. ನಡುವೆ ಹತ್ತು ನಿಮಿಷ ಕರೆಂಟು ಹೋಯಿತು. ಎಂದಿನಂತೆ ಗಲಾಟೆಯಾಗಲಿಲ್ಲ, ಎಲ್ಲರೂ ಕತ್ತಲೆಯ ತೆರೆಯನ್ನೇ ನೋಡುತ್ತ ಕುಳಿತರು. ಮಾರನೆಯ ದಿನ ತಂದೆಯವರು ಕಚೇರಿಗೆ ಅರ್ಧ ಗಂಟೆ ಮುಂಚೆ ಹೊರಟರು. ಏಕೆಂದು ಅಮ್ಮ ಕೇಳಿದ್ದಕ್ಕೆ, “ಒಂದೆರಡು ಹಳೇ ಕೇಸು ಬಾಕಿ ಇವೆ” ಎಂದರು. ಇಂದು ನಾವೂ ಕಡತಗಳ ನಡುವೆ ಕುಳಿತಿದ್ದೇವೆ. ಆ ಮಾತು ಆಗಾಗ ನೆನಪಾಗುತ್ತದೆ.

ಅಂದು ಬಂದವರಲ್ಲಿ ಧಾರವಾಡದ ಅಜ್ಜಿಯೊಬ್ಬರಿದ್ದರು. ಮಗನ ಮನೆಗೆ ಬಂದು ಐದಾರು ವರ್ಷವಾಗಿದ್ದರೂ ಅವರಿಗೆ ಹಿಂದಿ ಬರದು. ಧಾರಾವಾಹಿ ನೋಡುವಾಗಲೆಲ್ಲ ಮೊಮ್ಮಗ ಅರ್ಥ ಹೇಳಬೇಕು. ಅವನು ಅರ್ಧ ಹೇಳುವನು, ಅರ್ಧ ನಗುವನು. ಆ ದಿನ ಮಾತ್ರ ಕಚೇರಿಯ ಮಾತು, ಹಳ್ಳಿಯ ಮಾತು ಅವನಿಗೇ ತಿಳಿಯದೆ, “ಅಜ್ಜಿ, ಏನಂದರು?” ಎಂದು ಕೇಳಬೇಕಾಯಿತು. “ಮಾತು ಆ ಕಡೀದು, ಆದ್ರ ನನಗ ಪೂರಾ ತಿಳೀತದ. ನೀ ಸುಮ್ನ ಕೂಡು, ನಾ ಹೇಳತೇನಿ” ಎಂದು ಅಜ್ಜಿ ಮುಂದೆ ಸರಿದು ಕುಳಿತರು.

ನಮ್ಮ ಮಟ್ಟಿಗೆ ದೊಡ್ಡ ಸಂಗತಿ ನಡೆದದ್ದು ಸೋಮವಾರ. ದೆಹಲಿಯಲ್ಲೇ ಹುಟ್ಟಿದ ನಮಗೆ ಕನ್ನಡವೆಂದರೆ ಅಡಿಗೆಮನೆಯ ಭಾಷೆ. ಗೆಳೆಯರ ಎದುರಿಗೆ ಅಮ್ಮ ಕನ್ನಡದಲ್ಲಿ ಕರೆದರೆ ಕೇಳಿಸದವರಂತೆ ನಿಲ್ಲುತ್ತಿದ್ದೆವು. ಇದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಪಂಜಾಬಿ ಗೆಳೆಯನೊಬ್ಬ, “ನಿನ್ನೆ ಬಂದದ್ದು ನಿಮ್ಮ ಭಾಷೆಯ ಚಿತ್ರವಂತೆ. ನಮ್ಮ ಅಮ್ಮ ಅತ್ತುಬಿಟ್ಟಳು” ಎಂದ. ಅವರ ಮನೆಯಲ್ಲೂ ಅದೇ ಚಿತ್ರ ನೋಡಿದ್ದರು. ಭಾನುವಾರದ ಆ ಹೊತ್ತಿಗೆ ಬೇರೇನು ನೋಡಲು ಸಾಧ್ಯವಿತ್ತು? ನಮ್ಮ ಕನ್ನಡ ಅವರ ಮುಂದಿನ ಕೋಣೆಗೂ ಹೋಗಿತ್ತು. ಆ ಮನೆಯ ತಾಯಿ ನಮ್ಮ ತಬರನಿಗಾಗಿ ಕಣ್ಣೀರು ಹಾಕಿದ್ದರು.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನ ಮಾತು ಹಿಂದಿಯಾದರೂ ಮಳೆ, ಹೆಂಚಿನ ಮನೆ, ಬೀದಿ ಆಗುಂಬೆಯವು. ಪುಟ್ಟ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್. ಉತ್ತರದ ಎಷ್ಟೋ ಮನೆಗಳಿಗೆ ಮಲೆನಾಡಿನ ಮೊದಲ ದರ್ಶನ ಅದರಿಂದಲೇ ಆಯಿತು. 1988ರ ಆಗಸ್ಟ್ 15ರಂದು ಬಂದ ‘ಮಿಲೇ ಸುರ್’ ಹಾಡಿನಲ್ಲಿ ಕನ್ನಡದ ಸಾಲೊಂದಿತ್ತು. ಕೆಲವೇ ಕ್ಷಣಗಳ ಆ ಸಾಲಿಗಾಗಿ ಮನೆಮಂದಿಯೆಲ್ಲ ಕೆಲಸ ಬಿಟ್ಟು ಓಡಿಬರುತ್ತಿದ್ದೆವು.

ಪೆಟ್ಟಿಗೆ ತೆಳ್ಳಗಾದದ್ದು

ಮುಂದಿನದು ಎಲ್ಲರೂ ಬಲ್ಲ ಕಥೆ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಿತು. 1994ರಲ್ಲಿ ‘ಉದಯ’ ಆರಂಭವಾದಾಗ ನಮ್ಮ ಬಡಾವಣೆಯ ಕೇಬಲ್‌ನವನು, ನಾಲ್ಕು ಮನೆಗಾಗಿ ಒಂದು ಚಾನೆಲ್ ಹಾಕಲಾಗದೆಂದ. ಸಂಘದ ಹಿರಿಯರು ಮನೆಮನೆ ಸುತ್ತಿ ಸಹಿ ಸಂಗ್ರಹಿಸಿ ಅವನನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು. ಬಾಗಿಲಿನ ಟಿ.ವಿ. ಹಿಂದಿನ ಕೋಣೆಗೆ ಹೋಯಿತು. ಮುಂದೆ 21 ಅಂಗುಲದ ಬಣ್ಣದ್ದು ಬಂದಿತು. ಆಮೇಲೆ ಎಷ್ಟೋ ಮನೆಗಳಲ್ಲಿ 29 ಅಂಗುಲದ್ದು. ಅದನ್ನು ಮೂರನೆಯ ಮಹಡಿಗೆ ಏರಿಸಲು ಇಬ್ಬರು ಆಳು ಬೇಕಿತ್ತು. 2008ರ ಸುಮಾರಿಗೆ ಜಗತ್ತಿನಲ್ಲಿ ತೆಳು ತೆರೆಗಳ ಮಾರಾಟ ಪಿಕ್ಚರ್ ಟ್ಯೂಬಿನವುಗಳನ್ನು ಮೀರಿತು. ದೂರದರ್ಶನವೂ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳಲ್ಲಿ ಹೆಚ್ಚಿನವನ್ನು 2022ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ಈಗ ನಮ್ಮ ಹಳೆಯ ಟಿ.ವಿ.ಯನ್ನು ರಿಪೇರಿ ಮಾಡಿಸಿದರೂ ಅದರ ಆಂಟೆನಾಕ್ಕೆ ಹಿಡಿಯಲು ಏನೂ ಉಳಿದಿಲ್ಲ.

ಹಳೆಯದೇ ಚೆನ್ನಾಗಿತ್ತೆಂದು ನಾವು ವಾದಿಸುವುದಿಲ್ಲ. ಅಜ್ಜಿ ಇಂದಿದ್ದರೆ ಇಡೀ ದಿನ ಕನ್ನಡ ನೋಡಬಹುದಿತ್ತು. ಮೊಮ್ಮಗನ ದಾಕ್ಷಿಣ್ಯಕ್ಕೆ ಬೀಳಬೇಕಿರಲಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಒಂದು ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು. ಆಗ ಟಿ.ವಿ.ಯಲ್ಲಿ ಕನ್ನಡ ಬಂದದ್ದು ಅಪರೂಪಕ್ಕೆ, ಆದರೆ ಬಂದಾಗ ಎಲ್ಲರ ಮನೆಗೂ ಬಂದಿತು. ಈಗ ಹಗಲಿರುಳು ಬರುತ್ತದೆ, ಆದರೆ ನಮ್ಮ ಮನೆಗಷ್ಟೇ ಬರುತ್ತದೆ. ‘ಕೆ.ಜಿ.ಎಫ್.’, ‘ಕಾಂತಾರ’ ದೇಶವನ್ನೆಲ್ಲ ಸುತ್ತಿದವು, ನಿಜ. ಉತ್ತರದ ಬಹುಪಾಲು ಜನರು ಅವನ್ನು ನೋಡಿದ್ದು ಹಿಂದಿಯ ದನಿಯಲ್ಲಿ. ಪಕ್ಕದ ಮನೆಯವರ ಕಿವಿಗೆ ನಮ್ಮ ಮಾತು ಬೀಳಲಿಲ್ಲ.

ಟಿ.ವಿ.ಯನ್ನು ಕೊನೆಗೆ ಗುಜರಿಗೆ ಕೊಡಲಿಲ್ಲ. ಪಿಕ್ಚರ್ ಟ್ಯೂಬನ್ನು ಎಲ್ಲೆಂದರಲ್ಲಿ ಒಡೆಯುವುದು ಅಪಾಯ. ಒಳಗಿನ ಲೇಪ ಮೈಗೆ ಒಳ್ಳೆಯದಲ್ಲ, ಬಣ್ಣದ್ದಾದರೆ ಗಾಜಿನಲ್ಲಿ ಸೀಸವೂ ಇರುತ್ತದೆ. ಮನೆಯಲ್ಲಿ ಹಳೆಯ ಟಿ.ವಿ. ಇರುವ ಓದುಗರು ಇದನ್ನು ಗಮನಿಸಬೇಕು. ಇಂಥವನ್ನು ತೆಗೆದುಕೊಳ್ಳಲು ಅಧಿಕೃತ ಇ-ತ್ಯಾಜ್ಯ ಸಂಸ್ಥೆಗಳಿವೆ. ನಮ್ಮದನ್ನು ಹಾಗೆಯೇ ಕಳುಹಿಸಿದೆವು. ಲೈಸೆನ್ಸಿನ ಪುಸ್ತಕ, ರಸೀತಿ, ಬೀಗದ ಕೈ ಇವನ್ನು ತಂದೆಯವರು ತೆಗೆದಿರಿಸಿಕೊಂಡಿದ್ದಾರೆ. ಇಂಥ ಕಾಗದಪತ್ರಗಳನ್ನು, ನೆನಪುಗಳನ್ನು ಸಂಘದಲ್ಲಿ ಒಂದೆಡೆ ಕೂಡಿಸಿಟ್ಟರೆ ಹೊರನಾಡ ಕನ್ನಡಿಗರ ಬದುಕಿನ ಚರಿತ್ರೆಗೆ ಅವು ಆಧಾರವಾದಾವು.

ಕೊನೆಯಲ್ಲಿ ಸಂಘದ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಮ್ಮ ಸಭಾಂಗಣದಲ್ಲಿ, ಅಡಿಬರಹವಿರುವ ಒಂದು ಒಳ್ಳೆಯ ಕನ್ನಡ ಚಿತ್ರವನ್ನು ಏಕೆ ತೋರಿಸಬಾರದು? ಷರತ್ತು ಒಂದೇ: ಪ್ರತಿಯೊಂದು ಸಂಸಾರವೂ ಕನ್ನಡ ಬಾರದ ನೆರೆಯವರೊಬ್ಬರನ್ನು ಜೊತೆಗೆ ಕರೆತರಬೇಕು. ಅವಲಕ್ಕಿಯ ವ್ಯವಸ್ಥೆ ನಮ್ಮ ಮನೆಯದು. ಮೊದಲ ಚಿತ್ರ ಯಾವುದಿರಬೇಕೆಂದು ತಂದೆಯವರನ್ನು ಕೇಳಬೇಕಾಗಿಲ್ಲ. ಪಕ್ಕದ ಮನೆಯಲ್ಲಿದ್ದ ಆ ಸರದಾರ್‌ಜಿಗೆ ಅವರು ಆಗಲೇ ಫೋನ್ ಮಾಡಿ ಹೇಳಿಟ್ಟಿದ್ದಾರೆ.